ಹಲಗೆ ವಾಟರ್‌ಪ್ರೂಫ್, ಸರಿ. ನೆಲ?

ದಸರಾ ರಜೆ ಮುಗಿಸಿಕೊಂಡು ಬಂದು ಜಯಲಕ್ಷ್ಮಿಪುರಂನ ನಮ್ಮ ರೂಮಿನ ಬಾಗಿಲು ತೆಗೆದಾಗ ಮೊದಲು ಎದುರಾದದ್ದು ವಾಸನೆ. ನಾಲ್ಕು ಜನ ಹುಡುಗರಿರೋ ರೂಮಲ್ಲಿ ವಾಸನೆ ಅಂದರೆ ಅದೂ ಒಂದು ಸುದ್ದಿಯಾ ಅಂತ ನೀವು ನಗಬಹುದು. ಇದು ಆ ಥರದ್ದಲ್ಲ. ಒಣಗದ ಗೋಣಿಚೀಲವನ್ನು ಮಡಚಿ ಟ್ರಂಕಿನಲ್ಲಿಟ್ಟು ಹತ್ತು ದಿನ ಬಿಟ್ಟು ತೆಗೆದ ಹಾಗಿತ್ತು. ಲೈಟು ಹಾಕಿ ನೋಡಿದರೆ ಗೋಡೆಯುದ್ದಕ್ಕೂ, ಮರದ ಥರ ಕಾಣೋ ಆ ವಿನೈಲ್ ಹಲಗೆಗಳ ಅಂಚು ಎದ್ದು ನಿಂತಿದೆ. ಸಂದುಗಳಲ್ಲಿ ಬಿಳೀ ಪುಡಿ, ಯಾರೋ ರಂಗೋಲಿ ಎಳೆಯಲು ಹೋಗಿ ಅರ್ಧಕ್ಕೇ ಬಿಟ್ಟ ಹಾಗೆ.

ಓನರ್ ಸಾರ್ ಬಂದರು, ಬಗ್ಗಿ ನೋಡಿದರು, ತೀರ್ಪು ಕೊಟ್ಟರು. "ಏನ್ರಪ್ಪಾ, ನೆಲ ಒರೆಸಿ ಅಂದ್ರೆ ಬಕೆಟ್ಟೇ ಸುರಿದುಬಿಟ್ಟಿದ್ದೀರಲ್ಲ. ಅಡ್ವಾನ್ಸಲ್ಲಿ 18 ಸಾವಿರ ಹಿಡ್ಕೋತೀನಿ."

"ಸಾರ್, ಹತ್ತು ದಿನದಿಂದ ನಾವು ಊರಲ್ಲೇ ಇರಲಿಲ್ಲ."

"ಅದಕ್ಕೆ ಮುಂಚೆ ಇದ್ರಲ್ಲ."

ನಮ್ಮಲ್ಲಿ ಸ್ವಲ್ಪ ಬಾಯಿ ಜೋರಿರೋ ಒಬ್ಬ ಕೇಳಿಯೇಬಿಟ್ಟ: "ನಾವು ಸೇರ್ಕೊಳ್ಳೋವಾಗ ಇದು ವಾಟರ್‌ಪ್ರೂಫ್ ಅಂತ ನೀವೇ ಹೇಳಿದ್ರಲ್ಲ ಸಾರ್?" ಓನರ್ ಸಾರ್ ಒಳಗೆ ಹೋಗಿ, ಹುಷಾರಾಗಿ ಎತ್ತಿಟ್ಟಿದ್ದ ರಟ್ಟಿನ ಡಬ್ಬದ ಮುಚ್ಚಳ ತಂದು ತೋರಿಸಿದರು. ನೀಲಿ ಬಣ್ಣದ ನೀರಿನ ಹನಿಯ ಚಿತ್ರ, ಅದರ ಕೆಳಗೆ 100% ವಾಟರ್‌ಪ್ರೂಫ್ ಅಂತ ದೊಡ್ಡದಾಗಿ ಅಚ್ಚಾಗಿತ್ತು. "ಹೂಂ, ವಾಟರ್‌ಪ್ರೂಫೇ. ಕಂಪನಿಯೋರೇ ಬರ್ದಿದ್ದಾರೆ. ನೀವು ಹಾಳು ಮಾಡಿದ್ದೀರಿ."

ಈ ಮಾತನ್ನು ನಾನು ಎರಡು ದಿನ ತಲೆಯಲ್ಲಿ ತಿರುವಿದೆ. ವಾಟರ್‌ಪ್ರೂಫ್ ಆದರೆ ನಮ್ಮ ನೀರಿನಿಂದ ಹಾಳಾಗಬಾರದು. ನೀರಿನಿಂದ ಹಾಳಾದರೆ ಅದು ವಾಟರ್‌ಪ್ರೂಫ್ ಅಲ್ಲ. ಎರಡೂ ಒಟ್ಟಿಗೆ ನಿಜ ಆಗೋದು ಹೇಗೆ? ಆಗುತ್ತೆ. ಡಬ್ಬದ ಮೇಲೆ ಬರೆದದ್ದು ಸುಳ್ಳಲ್ಲ, ನಮ್ಮ ನೆಲ ನೀರಿನಿಂದ ಹಾಳಾದದ್ದೂ ಸುಳ್ಳಲ್ಲ. ನಾವು ನೀರು ಸುರಿದದ್ದು ಮಾತ್ರ ಸುಳ್ಳು. ಆ ಪದ ಹಲಗೆಯ ಬಗ್ಗೆ ಹೇಳುತ್ತೆ, ನಾವು ಅದನ್ನು ಮನೆಯ ಬಗ್ಗೆ ಅಂತ ಓದ್ಕೋತೀವಿ. ಮೈಸೂರಿನ ಹಳೇ ಮನೆಗಳ ನೆಲ ಅಂತಸ್ತಿನಲ್ಲಿ ಈ ಓದಿನ ತಪ್ಪಿಗೆ ದುಡ್ಡು ತೆರಬೇಕಾಗುತ್ತೆ, ಬಹಳಷ್ಟು ಸಲ ತೆರೋದು ಬಾಡಿಗೆಗಿರೋರು. ಜಯಲಕ್ಷ್ಮಿಪುರಂ, ಗೋಕುಲಂ, ಒಂಟಿಕೊಪ್ಪಲಿನ ಪಿಜಿಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಇರೋ ನಮ್ಮ ಕಾಲೇಜಿನ ಹುಡುಗ ಹುಡುಗಿಯರಿಗೆ ಇದು ನಾಳೆಯ ಅಡ್ವಾನ್ಸಿನ ವಿಷಯ. ಅದಕ್ಕೇ ಬರೀತಿದ್ದೀನಿ.

ಮೊದಲು ಆ ಹಲಗೆ ಏನು ಅಂತ ನೋಡೋಣ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಓದಿ ಇಂಟರ್ನಲ್ಸ್ ಮುಗಿದ ಮಾರನೇ ದಿನ ಮರೆತ ಪಿವಿಸಿಯೇ ಅದು. 1926ರಲ್ಲಿ ಅಮೆರಿಕದ ವಾಲ್ಡೊ ಸೆಮನ್ ಎಂಬ ರಸಾಯನಶಾಸ್ತ್ರಜ್ಞ ಗಡುಸು ಪಿವಿಸಿಯನ್ನು ಬಳುಕುವಂತೆ ಮಾಡುವ ದಾರಿ ಕಂಡುಕೊಂಡ. 1933ರ ಶಿಕಾಗೊ ವಸ್ತುಪ್ರದರ್ಶನದಲ್ಲಿ ವಿನೈಲ್ ಬೆರೆತ ನೆಲದ ಬಿಲ್ಲೆಗಳನ್ನು ಜನ ನೋಡಿದರು. ಈಗಿನದು ಅದರ ಮರಿಮಗ. ಒಂದರ ಮೇಲೊಂದು ನಾಲ್ಕೈದು ಪದರ: ಕೆಳಗೆ ಬೆನ್ನು, ಅದರ ಮೇಲೆ ತಿರುಳು, ಅದರ ಮೇಲೆ ಮರದ ಫೋಟೊ ಅಚ್ಚು ಹಾಕಿದ ತೆಳು ಹಾಳೆ, ಅದರ ಮೇಲೆ ಸವೆತ ತಡೆಯುವ ಪಾರದರ್ಶಕ ಪದರ. ಈ ಕೊನೆಯ ಪದರ ಮನೆಗೆ ಬರುವ ಮಾಲಿನಲ್ಲಿ ಸಾಮಾನ್ಯವಾಗಿ 0.3ರಿಂದ 0.5 ಮಿಮೀ. ತೇಗದ ಗಂಟು, ನಾರು, ಬಿರುಕು ಎಲ್ಲಾ ಫೋಟೊ. ಇದಕ್ಕೆ ಲಕ್ಷುರಿ ಅಂತ ಹೆಸರಿಟ್ಟವನ ಧೈರ್ಯ ಮೆಚ್ಚಬೇಕು.

ತಿರುಳಿನಲ್ಲಿ ಎರಡು ಮೂರು ಬಗೆ. ಬಳುಕುವ ವಿನೈಲಿನದು ತೆಳ್ಳಗಿರುತ್ತೆ, 2-3 ಮಿಮೀ, ಅಂಟು ಹಾಕಿ ಕೂರಿಸ್ತಾರೆ. ಎಸ್‌ಪಿಸಿ ಅನ್ನೋದರ ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಸುಣ್ಣಕಲ್ಲಿನ ಪುಡಿ, ಉಳಿದದ್ದು ಪಿವಿಸಿ. ಅದು ಗಟ್ಟಿ, ಅಂಚಿನಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವಂತೆ ಕೊರೆದಿರ್ತಾರೆ, ಅಂಟು ಬೇಡ. ಇವೆರಡರ ಪಕ್ಕದಲ್ಲೇ ಅಂಗಡಿಯಲ್ಲಿ ಲ್ಯಾಮಿನೇಟ್ ಅನ್ನೋದೂ ಇರುತ್ತೆ. ಅದರ ಮುಖ ಇವುಗಳ ಥರವೇ, ತಿರುಳು ಮಾತ್ರ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಅದು ನೀರು ಕುಡಿದರೆ ರಸ್ಕಿನ ಥರ ಉಬ್ಬುತ್ತೆ, ಒಣಗಿದರೂ ಹಳೇ ಆಕಾರಕ್ಕೆ ವಾಪಸ್ ಬರಲ್ಲ. ಅಂಗಡಿಯವರು ಮೂರನ್ನೂ ವುಡನ್ ಫ್ಲೋರಿಂಗ್ ಅಂತಲೇ ಕರೀತಾರೆ, ಗಿರಾಕಿಯೂ ಹಾಗೇ ಕರೀತಾನೆ. ಅರ್ಧ ಜಗಳ ಅಲ್ಲೇ ಹುಟ್ಟೋದು.

ವಿನೈಲ್ ಹಲಗೆಗೆ ನೀರಿನ ಭಯ ನಿಜಕ್ಕೂ ಇಲ್ಲ. ಒಂದು ತುಂಡನ್ನು ವಾರಗಟ್ಟಲೆ ಬಕೆಟ್ಟಿನಲ್ಲಿ ಮುಳುಗಿಸಿಡಿ, ತೆಗೆದು ಒರೆಸಿ, ಹಾಗೇ ಇರುತ್ತೆ. ಪಿವಿಸಿ ಪೈಪಿನಲ್ಲೇ ಅಲ್ಲವೇ ಈ ಊರಿನ ಮನೆಗಳಿಗೆ ಕಾವೇರಿ ಬರೋದು. ಮೇಲಿಂದ ಬೀಳೋ ನೀರನ್ನೂ ಅದು ಚೆನ್ನಾಗೇ ತಡೆಯುತ್ತೆ. ಕಾಫಿ ಚೆಲ್ಲಿತು, ಬಾಟಲಿ ಉರುಳಿತು, ನಾಯಿಮರಿ ಮಾಡಬಾರದ್ದು ಮಾಡಿತು: ಒರೆಸಿದರೆ ಮುಗಿಯಿತು. ಇಷ್ಟರ ಮಟ್ಟಿಗೆ ಡಬ್ಬದ ಮೇಲಿನ ಹನಿ ಸತ್ಯವನ್ನೇ ಹೇಳುತ್ತೆ.

ಆದರೆ ನೆಲ ಅನ್ನೋದು ಒಂದು ಹಲಗೆ ಅಲ್ಲ. ನಮ್ಮ 10 ಅಡಿಗೆ 12 ಅಡಿ ರೂಮಿನಲ್ಲಿ ಸಂದುಗಳ ಉದ್ದ ಅಳೆದು ಕೂಡಿದರೆ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ ಬರುವಷ್ಟಾಗುತ್ತೆ. ಕೊಂಡಿ ಹಾಕೋ ಸಂದು ಬಿಗಿಯಾಗಿರುತ್ತೆ, ಒಪ್ಪೋಣ. ಸಂದಿನ ಮೇಲೆ ನೀರು ನಿಲ್ಲಿಸಿ 24 ಗಂಟೆ ಕಾದು ನೋಡೋ ಪರೀಕ್ಷೆಗಳೂ ಇವೆ. ಹಾಗಂತ ಅದು ಕುಕ್ಕರಿನ ಗ್ಯಾಸ್ಕೆಟ್ ಅಲ್ಲ. ಇಲ್ಲಿ ಒಂದು ತಮಾಷೆ ಇದೆ. ಶುದ್ಧ ನೀರು ಪಿವಿಸಿ ಮೇಲೆ ಅಷ್ಟಾಗಿ ಹರಡಲ್ಲ, ಹನಿಯಾಗಿ ನಿಲ್ಲುತ್ತೆ, ಕಿರಿದಾದ ಸಂದಿಗೆ ಹೋಗೋಕೆ ಹಿಂದೇಟು ಹಾಕುತ್ತೆ. ನಾವು ನೆಲ ಒರೆಸೋದು ಶುದ್ಧ ನೀರಿನಲ್ಲಾ? ಬಕೆಟ್ಟಿಗೆ ಸೋಪಿನ ಎಣ್ಣೆಯೋ ಫಿನಾಯ್ಲೋ ಹಾಕ್ತೀವಿ. ನೀರಿನ ಸರ್ಫೇಸ್ ಟೆನ್ಶನ್ ಮೀಟರಿಗೆ 72 ಮಿಲಿನ್ಯೂಟನ್ ಇದ್ದದ್ದು ಸೋಪು ಬಿದ್ದ ಮೇಲೆ ಅರ್ಧಕ್ಕಿಂತ ಕೆಳಗಿಳಿಯುತ್ತೆ. ಆಗ ಅದೇ ನೀರು ಸಂದಿಗೆ ಸಲೀಸಾಗಿ ನುಗ್ಗುತ್ತೆ. ನೆಲ ಜಾಸ್ತಿ ಕ್ಲೀನ್ ಮಾಡೋ ಮನೆಯಲ್ಲೇ ಸಂದಿಗೆ ಹೆಚ್ಚು ನೀರಿಳಿಯುತ್ತೆ ಅಂತಾಯ್ತು. ನಮ್ಮ ರೂಮಿನ ಮಟ್ಟಿಗೆ ಈ ಅಪಾಯ ಇರಲಿಲ್ಲ ಅಂತ ನಾಚಿಕೆಯಿಂದ ಒಪ್ಪಿಕೊಳ್ತೀನಿ.

ಈಗ ನಿಜವಾದ ಕಳ್ಳನ ಹತ್ತಿರ ಬರೋಣ. ಅವನು ಬರೋದು ಕೆಳಗಿನಿಂದ.

ಜಯಲಕ್ಷ್ಮಿಪುರಂನ ಹಳೇ ಮನೆಗಳನ್ನು ನೋಡಿದ್ದೀರಲ್ಲ: ಮುಂದೆ ಗೇಟು, ಒಂದು ತೆಂಗಿನಮರ, ಪೋರ್ಟಿಕೋ ಕೆಳಗೆ ಸಂಪು, ಒಳಗೆ ಕೆಂಪು ನೆಲ. ರೆಡ್ ಆಕ್ಸೈಡ್ ಅಂತೀವಲ್ಲ, ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿ ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತರಿಸಿದ್ದು. ಅದರ ಕೆಳಗೆ ತೆಳು ಕಾಂಕ್ರೀಟು, ಅದರ ಕೆಳಗೆ ಜಲ್ಲಿ, ಮಣ್ಣು ತುಂಬಿಸಿ ದಿಮ್ಮಸು ಹೊಡೆದದ್ದು. ಗೋಡೆಗೆ ಪಾಯದ ಮಟ್ಟದಲ್ಲಿ ತೇವ ತಡೆಯೋ ಪದರ ಹಾಕಿದ್ದಾರು. ನೆಲದ ಕೆಳಗೆ ಪಾಲಿಥೀನ್ ಹಾಳೆ ಹಾಸೋ ಪದ್ಧತಿ ಆ ಕಾಲದ ಮನೆಗಳಲ್ಲಿ ಇರಲಿಲ್ಲ, ಈಗಲೂ ಎಷ್ಟು ಮನೆಗಳಲ್ಲಿ ಹಾಕ್ತಾರೆ ಅಂತ ನಿಮ್ಮ ಬೀದಿಯಲ್ಲಿ ಕಟ್ಟುತ್ತಿರೋ ಮನೆಗೆ ಹೋಗಿ ನೋಡಿ. ಅಂದರೆ ಮಣ್ಣಿನ ಪಸೆಗೂ ನಮ್ಮ ಪಾದಕ್ಕೂ ನಡುವೆ ಇರೋದು ಸೂಕ್ಷ್ಮ ರಂಧ್ರಗಳ ಒಂದು ಸ್ಪಂಜು, ಅಷ್ಟೇ.

ಕ್ಯಾಪಿಲರಿ ಸೂತ್ರ ನೆನಪಿದ್ದರೆ ಲೆಕ್ಕ ಹಾಕಿ. 10 ಮೈಕ್ರಾನ್ ತ್ರಿಜ್ಯದ ರಂಧ್ರದಲ್ಲಿ ನೀರು ಸುಮಾರು ಒಂದೂವರೆ ಮೀಟರ್ ಏರಬಲ್ಲದು. ರಂಧ್ರ ಇನ್ನೂ ಸಣ್ಣದಾದರೆ ಇನ್ನೂ ಎತ್ತರ. ಅಂತರ್ಜಲ ಮೇಲೇ ಇರಬೇಕು ಅಂತೇನಿಲ್ಲ, ಮಣ್ಣು ನೆನೆದಿದ್ದರೆ ಸಾಕು. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಮೀ ಮಳೆ, ಅದರಲ್ಲಿ ಜೋರು ಹೊಡೆಯೋ ತಿಂಗಳು ಮೇ ಮತ್ತು ಅಕ್ಟೋಬರ್. ಜಂಬೂಸವಾರಿ ದಿನ ಮೋಡ ನೋಡಿಕೊಂಡು ಕೂರೋದು ಯಾಕೆ ಮತ್ತೆ? ನಾವು ರಜೆಗೆ ಹೋದ ಹತ್ತು ದಿನ ಮಳೆ, ಬಾಗಿಲು ಕಿಟಕಿ ಎಲ್ಲಾ ಬಂದ್, ಫ್ಯಾನಿಲ್ಲ. ಸಾಲದ್ದಕ್ಕೆ ನಮ್ಮ ರೂಮಿನ ಗೋಡೆಯಾಚೆಗೇ ಸಂಪು.

ಕೆಂಪು ನೆಲ ಇದ್ದ ಕಾಲದಲ್ಲೂ ಈ ಪಸೆ ಬರ್ತಾನೇ ಇತ್ತು. ವ್ಯತ್ಯಾಸ ಇಷ್ಟೇ: ಆ ನೆಲ ಉಸಿರಾಡ್ತಿತ್ತು. ಬಂದ ಪಸೆ ನಿಧಾನಕ್ಕೆ ಆವಿಯಾಗಿ ಗಾಳಿಗೆ ಹೋಗ್ತಿತ್ತು, ನಮಗೆ ಗೊತ್ತೂ ಆಗ್ತಿರಲಿಲ್ಲ. ಮಳೆಗಾಲದಲ್ಲಿ ನೆಲ ತಣ್ಣಗಿದೆ ಅಂತ ಚಾಪೆ ಹಾಸ್ಕೊಂಡು ಮಲಗೋರು, ಮುಗೀತು. ಅದರ ಮೇಲೆ ನೀರನ್ನೂ ಆವಿಯನ್ನೂ ಬಿಡದ ಪಿವಿಸಿ ಹಾಸಿ ಅಂಟಿಸಿದಿರಿ ಅಂದುಕೊಳ್ಳಿ, ಇಡ್ಲಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗಾಯ್ತು. ಆವಿ ಅಲ್ಲೇ ನಿಂತು ಹನಿಗಟ್ಟುತ್ತೆ. ಕಾಂಕ್ರೀಟಿನ ಕ್ಷಾರ ಆ ನೀರಿನಲ್ಲಿ ಕರಗಿ ಅಂಟನ್ನು ಮೆತ್ತಗೆ ಮಾಡುತ್ತೆ. ಕರಗಿದ ಲವಣ ಸಂದಿನಲ್ಲಿ ಮೇಲೆ ಬಂದು ಒಣಗಿ ಬಿಳೀ ಪುಡಿಯಾಗುತ್ತೆ. ಕತ್ತಲೆ, ಪಸೆ, ಧೂಳು ಮೂರೂ ಇರೋ ಜಾಗದಲ್ಲಿ ಬೂಷ್ಟು ಬರೋದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಗೋಣಿಚೀಲದ ವಾಸನೆ ಅಂದೆನಲ್ಲ, ಅದು.

ಹಲಗೆ ಎಷ್ಟು ಚೆನ್ನಾಗಿ ವಾಟರ್‌ಪ್ರೂಫೋ ಅಷ್ಟು ಚೆನ್ನಾಗಿ ಕೆಳಗಿನ ನೀರನ್ನು ಹಿಡಿದಿಡುತ್ತೆ. ಡಬ್ಬದ ಮೇಲೆ ಗುಣ ಅಂತ ಬರೆದದ್ದೇ ಕೆಳಗಿನಿಂದ ನೋಡಿದರೆ ದೋಷ.

ಎಷ್ಟು ನೀರು ಅಂತೀರಾ? ಕ್ಯಾಲ್ಸಿಯಂ ಕ್ಲೋರೈಡ್ ಇಟ್ಟು, ಅದು ಎಷ್ಟು ಪಸೆ ಹೀರಿಕೊಂಡಿತು ಅಂತ ತೂಗಿ ನೋಡೋ ಒಂದು ಪರೀಕ್ಷೆ ಇದೆ, ಎಎಸ್‌ಟಿಎಂ ಎಫ್1869. ನೆಲಹಾಸು ಕಂಪನಿಗಳು ಬಹಳ ಕಾಲ ಬಳಸಿಕೊಂಡು ಬಂದ ಮಿತಿ 24 ಗಂಟೆಗೆ 1000 ಚದರಡಿಗೆ 3 ಪೌಂಡ್. ನಮ್ಮ ರೂಮು 120 ಚದರಡಿ. ಲೆಕ್ಕ ಹಾಕಿದರೆ ದಿನಕ್ಕೆ 163 ಗ್ರಾಂ, ಅಂದರೆ ಒಂದು ಲೋಟಕ್ಕೆ ಸ್ವಲ್ಪ ಕಡಿಮೆ. ತಿಂಗಳಿಗೆ ಹತ್ತಿರ ಹತ್ತಿರ 5 ಲೀಟರ್. ಇದು ಪರವಾಗಿಲ್ಲ ಅನ್ನೋ ಒಣ ನೆಲದ ಮಿತಿ ಅನ್ನೋದು ನೆನಪಿರಲಿ. ಒದ್ದೆ ಮಣ್ಣಿನ ಮೇಲೆ ಕೂತಿರೋ ನೆಲದಿಂದ ಇದಕ್ಕಿಂತ ಎಷ್ಟೋ ಹೆಚ್ಚು ಬರಬಹುದು. ಬಕೆಟ್ಟು ಸುರಿದವರು ಯಾರು ಅಂತ ಕೇಳಿದ್ರಲ್ಲ ಸಾರ್, ಬಕೆಟ್ಟು ಕೆಳಗಿತ್ತು.

ಫೋನಿನ ಉದಾಹರಣೆ ಕೊಟ್ಟರೆ ನಮ್ಮ ಕ್ಯಾಂಪಸ್ಸಿಗೆ ಬೇಗ ಅರ್ಥ ಆಗುತ್ತೆ. ಫೋನಿನ ಮೇಲೆ ಐಪಿ67 ಅಂತಿದ್ದರೆ ಅದಕ್ಕೊಂದು ಅರ್ಥ ಇದೆ: 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ. ಎಷ್ಟು ನೀರು, ಎಷ್ಟು ಹೊತ್ತು, ಎರಡೂ ಗೊತ್ತು. ನೆಲದ ಡಬ್ಬದ ಮೇಲಿನ ನೀಲಿ ಹನಿಗೆ ಯಾವ ಸಂಖ್ಯೆಯೂ ಇಲ್ಲ. ಮೇಲಿಂದಲಾ ಕೆಳಗಿಂದಲಾ, ನಿಮಿಷವಾ ತಿಂಗಳಾ, ಅದು ಹೇಳಲ್ಲ. ವಾರಂಟಿಯ ಸಣ್ಣಕ್ಷರ ಓದಿದರೆ ಸಾಮಾನ್ಯವಾಗಿ ಹೇಳಿರುತ್ತೆ: ಕೆಳನೆಲದ ತೇವ, ಪ್ರವಾಹ, ಪೈಪು ಒಡೆದದ್ದು, ಇವುಗಳಿಗೆ ನಾವು ಜವಾಬ್ದಾರರಲ್ಲ. ಅಂದರೆ ಕಂಪನಿಗೆ ಗೊತ್ತು. ಹಾಕೋ ಮೇಸ್ತ್ರಿಗೂ ಬಹುಶಃ ಗೊತ್ತು. ಗೊತ್ತಿಲ್ಲದ್ದು ದುಡ್ಡು ಕೊಡೋರಿಗೆ.

ನನ್ನ ಎರಡನೇ ತಕರಾರು ಸ್ವಲ್ಪ ಬೇರೆ ಥರದ್ದು. ಈ ಸಾಮಾನು ಹುಟ್ಟಿದ ಊರುಗಳಲ್ಲಿ ನೆಲದ ಮೇಲೆ ನೀರು ಬೀಳೋದು ಆಕ್ಸಿಡೆಂಟು. ಬಾತ್‌ರೂಮಿನಲ್ಲೂ ಪರದೆ, ಟಬ್ಬು, ಕಾಲಿಗೆ ಮ್ಯಾಟು. ನಮ್ಮ ಮನೆಗಳಲ್ಲಿ ನೆಲದ ಮೇಲೆ ನೀರು ಬೀಳೋದು ಅಭ್ಯಾಸ. ಬಚ್ಚಲಿನಲ್ಲಿ ಚೊಂಬಿನಿಂದ ಸುರಿದುಕೊಳ್ತೀವಿ. ಹಬ್ಬದ ಹಿಂದಿನ ದಿನ ಸಾಮಾನೆಲ್ಲಾ ಹೊರಗಿಟ್ಟು, ಬಕೆಟ್ಟಿನಲ್ಲಿ ನೀರು ಹೊಯ್ದು, ಕಡ್ಡಿ ಪೊರಕೆಯಲ್ಲಿ ಬಾಗಿಲಾಚೆಗೆ ತಳ್ತೀವಿ. ಹೊಸ್ತಿಲು ತೊಳೆಯೋದು ದಿನದ ಕೆಲಸ. ಹಳೇ ಕಾಲದ ಮೇಸ್ತ್ರಿಗಳು ನೆಲಕ್ಕೆ ಕಾಣದಷ್ಟು ಓಟ ಕೊಟ್ಟು, ಮೂಲೆಯಲ್ಲಿ ನೀರು ಹೋಗೋಕೆ ತೂತು ಬಿಡ್ತಿದ್ದದ್ದು ಅದಕ್ಕೇ. ವಾಟರ್‌ಪ್ರೂಫ್ ಅನ್ನೋ ಪದ ಅಲ್ಲಿ ಚೆಲ್ಲಿದ ಒಂದು ಲೋಟದ ಬಗ್ಗೆ, ಇಲ್ಲಿ ಬೇಕಂತಲೇ ಸುರಿದ ಮೂರು ಬಕೆಟ್ಟಿನ ಬಗ್ಗೆ. ಪದ ಒಂದೇ, ಮನೆ ಬೇರೆ. ಮಾರೋರು ಇದನ್ನು ಹೇಳಲ್ಲ, ಯಾಕೆಂದರೆ ನಾವು ಕೇಳಲ್ಲ.

ಇಷ್ಟು ಹೇಳಿದ ಮೇಲೆ, ಕೆಂಪು ನೆಲವೇ ಸ್ವರ್ಗ, ನಮ್ಮ ಹಿರಿಯರು ಎಲ್ಲಾ ತಿಳಿದವರು ಅನ್ನೋ ಧಾಟಿಯ ಫಾರ್ವರ್ಡ್ ಮೆಸೇಜು ಬರೀತಿದ್ದೀನಿ ಅಂದುಕೊಳ್ಳಬೇಡಿ. ಕೆಂಪು ನೆಲ ಸೀಳು ಬಿಡುತ್ತೆ, ತೇಪೆ ಹಾಕಿದರೆ ಬಣ್ಣ ಕೂಡಲ್ಲ, ಚೆನ್ನಾಗಿ ಮಾಡೋ ಕೈಗಳು ಕಡಿಮೆಯಾಗಿವೆ. ಒದ್ದೆಯಾದರೆ ಜಾರೋದರಲ್ಲಿ ಅದೇನೂ ಸಾಚಾ ಅಲ್ಲ. ನಮ್ಮ ಸಿವಿಲ್ ಗೆಳೆಯ ಇನ್ನೊಂದು ಮಾತು ಹೇಳ್ತಾನೆ, ಅದೂ ಸರಿಯೇ: ಹಳೇ ನೆಲ ಒಡೆದು ಟೈಲ್ಸ್ ಹಾಕೋ ಧೂಳು, ಸದ್ದು, ಡೆಬ್ರಿ ಸಾಗಿಸೋ ಖರ್ಚು ನೋಡಿದರೆ ಮೇಲೆ ಹಾಸಿಬಿಡೋ ಹಲಗೆ ಬಡವನ ಪಾಲಿಗೆ ದೊಡ್ಡ ಅನುಕೂಲ. ಒಂದನೇ ಮಹಡಿಯ ಬೆಡ್‌ರೂಮು, ಹಾಲು ಇವಕ್ಕೆ ಅದು ಒಳ್ಳೇ ಸಾಮಾನೇ. ಅಲ್ಲಿ ಕೆಳಗಿರೋದು ಮಣ್ಣಲ್ಲ, ಇನ್ನೊಬ್ಬರ ಸೀಲಿಂಗು. ಚಳಿಯಲ್ಲಿ ಕಾಲಿಗೆ ಬೆಚ್ಚಗೆ, ಮೊಬೈಲ್ ಬಿದ್ದರೆ ಗ್ರಾನೈಟಿನಷ್ಟು ನಿಷ್ಕರುಣಿ ಅಲ್ಲ. ಕೊಂಡಿಯ ಹಲಗೆಯಾದರೆ ನೀರು ನುಗ್ಗಿದಾಗ ಬಿಚ್ಚಿ, ಒಣಗಿಸಿ, ಮತ್ತೆ ಜೋಡಿಸಲೂ ಬರುತ್ತೆ. ಗೋಡೆಯ ಅಂಚಿನಲ್ಲಿ ಹಿಗ್ಗೋಕೆ ಜಾಗ ಬಿಟ್ಟಿರಬೇಕು ಅಷ್ಟೆ. ಗಡುಸು ಪಿವಿಸಿ ಒಂದು ಡಿಗ್ರಿಗೆ ಮೀಟರಿಗೆ 0.06 ಮಿಮೀ ಆಸುಪಾಸು ಹಿಗ್ಗುತ್ತೆ. 5 ಮೀಟರಿನ ಹಾಲಿನಲ್ಲಿ 20 ಡಿಗ್ರಿ ಏರಿಳಿತಕ್ಕೆ 6 ಮಿಮೀ. ಸುಣ್ಣಕಲ್ಲು ಬೆರೆಸಿದ್ದರೆ ಕಡಿಮೆ, ಆದರೆ ಸೊನ್ನೆ ಅಲ್ಲ. ಆ ಸಂದನ್ನು ನೀಟಾಗಿ ಕಾಣಲಿ ಅಂತ ಸಿಮೆಂಟಿನಲ್ಲಿ ಮುಚ್ಚಿದರೆ ಹಲಗೆಗಳು ನಡುವೆ ಗೋಪುರ ಕಟ್ಟುತ್ತವೆ, ಅದಕ್ಕೂ ಬೈಸಿಕೊಳ್ಳೋದು ನೀರೇ.

ಹಾಗಾದರೆ ನೆಲ ಅಂತಸ್ತಿಗೆ ಹಾಕಲೇಬಾರದಾ? ಹಾಕೋಕೆ ಮುಂಚೆ ಪರೀಕ್ಷೆ ಮಾಡಿ ಅನ್ನೋದು ನನ್ನ ವಾದ. ನಮ್ಮದೇ ಐಎಸ್ 5318 ಪಿವಿಸಿ ನೆಲ ಹಾಸೋ ವಿಧಾನದ ಬಗ್ಗೆ ಇರೋ ಸಂಹಿತೆ. ಕೆಳನೆಲ ಒಣಗಿರಬೇಕು ಅಂತ ಅದು ದಶಕಗಳಿಂದ ಹೇಳ್ತಾ ಬಂದಿದೆ. ಒಣಗಿದೆಯಾ ಅಂತ ತಿಳಿಯೋಕೆ ಕಾಂಕ್ರೀಟಿಗೆ ತೂತು ಕೊರೆದು ಒಳಗಿನ ಆರ್ದ್ರತೆ ಅಳೆಯೋ ಉಪಕರಣಗಳಿವೆ, ಅದು ದುಬಾರಿ. ಬಡವರ ಪರೀಕ್ಷೆಯೂ ಒಂದಿದೆ, ಎಎಸ್‌ಟಿಎಂ ಡಿ4263. 18 ಇಂಚು ಚೌಕದ ದಪ್ಪ ಪಾಲಿಥೀನ್ ಹಾಳೆ, ನಾಲ್ಕೂ ಅಂಚಿಗೆ ಟೇಪು, ಕಡೇಪಕ್ಷ 16 ಗಂಟೆ ಬಿಡೋದು. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಇದ್ದರೆ, ಇಲ್ಲಾ ನೆಲದ ಬಣ್ಣ ಕಪ್ಪಾಗಿದ್ದರೆ, ಕೆಳಗಿಂದ ಪಸೆ ಬರ್ತಿದೆ ಅಂತ ಅರ್ಥ. ಹನಿ ಇಲ್ಲ ಅಂದಮಾತ್ರಕ್ಕೆ ಪೂರ್ತಿ ನಂಬೋ ಹಾಗಿಲ್ಲ, ಏಪ್ರಿಲಿನಲ್ಲಿ ಮಾಡಿದರೆ ಯಾವ ನೆಲವೂ ಪಾಸಾಗುತ್ತೆ. ಮಳೆಗಾಲದಲ್ಲಿ ಮಾಡಿ ನೋಡಬೇಕು. ಖರ್ಚು ಒಂದು ಕಾಫಿಯದ್ದು. ಹನಿ ಕಂಡರೆ ಮೊದಲು ತೇವ ತಡೆಯೋ ಲೇಪನ, ಆಮೇಲೆ ಹಲಗೆಯ ಮಾತು. ಇಲ್ಲಾ ನೆಲವನ್ನು ನೆಲದ ಪಾಡಿಗೆ ಬಿಡೋದು.

ನಾವು ಅದನ್ನೇ ಮಾಡಿದೆವು. ಹಲಗೆ ಹಾಕದೆ ಬಿಟ್ಟಿದ್ದ ಪಕ್ಕದ ಸಾಮಾನಿನ ಕೋಣೆಯಲ್ಲಿ, ಓನರ್ ಸಾರ್ ಎದುರಿಗೇ, ಗೊಬ್ಬರದ ಅಂಗಡಿಯಿಂದ ತಂದ ಪಾಲಿಥೀನ್ ಅಂಟಿಸಿದೆವು. ಸಂಜೆ 5ಕ್ಕೆ ಹಾಕಿದ್ದು, ಮಾರನೇ ಬೆಳಿಗ್ಗೆ ಕ್ಲಾಸಿಗೆ ಹೋಗೋಕೆ ಮುಂಚೆ ಅವರನ್ನೇ ಕರೆದು ಅವರ ಕೈಯಲ್ಲೇ ತೆಗೆಸಿದೆವು. ಒಳಮೈ ತುಂಬಾ ಹನಿ. ಆ ಕೋಣೆಗೆ ನಾವು ಕಾಲಿಟ್ಟವರೇ ಅಲ್ಲ, ಬೀಗ ಅವರ ಹತ್ತಿರವೇ ಇರುತ್ತೆ. ಆಮೇಲೆ ನಮ್ಮ ರೂಮಿನ ಎದ್ದು ನಿಂತ ಹಲಗೆಯೊಂದನ್ನು ಕಿತ್ತೆವು. ಕೆಳಗೆ ಅಂಟು ಹುಳಿ ಮಜ್ಜಿಗೆಯ ಥರ ಬೆಳ್ಳಗೆ ಒಡೆದು ನಿಂತಿತ್ತು. ಓನರ್ ಸಾರ್ ಬಹಳ ಹೊತ್ತು ಮಾತಾಡಲಿಲ್ಲ. ಕೆಟ್ಟವರಲ್ಲ ಅವರು. ರಿಟೈರ್ ಆದ ದುಡ್ಡಿನಲ್ಲಿ ಹಾಕಿಸಿದ್ದು. ಮೋಸ ಹೋದದ್ದು ನಮಗಿಂತ ಮೊದಲು ಅವರು. "ಹಾಕೋವಾಗ ಈ ಪ್ಲಾಸ್ಟಿಕ್ ವಿಷಯ ಯಾರೂ ಹೇಳಲಿಲ್ಲವಲ್ಲಪ್ಪಾ" ಅಂದರು, ಅಷ್ಟೇ.

ಬಾಡಿಗೆ ರೂಮು ಹಿಡಿಯೋ ಜೂನಿಯರ್ಸಿಗೆ ಒಂದು ಮಾತು. ಮರದ ಥರ ಕಾಣೋ ನೆಲ ಇದ್ದರೆ, ಸಾಮಾನು ಇಳಿಸೋಕೆ ಮುಂಚೆ ಗೋಡೆಯಂಚಿನ ಸಂದುಗಳ ಫೋಟೊ ತೆಗೆದು ಓನರಿಗೇ ವಾಟ್ಸಾಪ್ ಮಾಡಿಬಿಡಿ, ತಾರೀಕು ಅದೇ ಬೀಳುತ್ತೆ. ಅಗ್ರಿಮೆಂಟಿನಲ್ಲಿ ನೆಲ ಹಾಳಾದರೆ ಅಂತ ಸಾಲಿದ್ದರೆ, ಕೆಳಗಿನ ತೇವ ಬಿಟ್ಟು ಅಂತ ಸೇರಿಸೋಕೆ ಕೇಳಿ. ಅವರು ನಗಬಹುದು. ನಗಲಿ. ಸಿವಿಲ್‌ನವರಿಗೆ ಇನ್ನೊಂದು: ಪ್ರಾಜೆಕ್ಟಿಗೆ ಹಾರುಬೂದಿ ಇಟ್ಟಿಗೆ ಬಿಟ್ಟು ಬೇರೇನಾದರೂ ಹುಡುಕುತ್ತಿದ್ದರೆ, ಅಕ್ಟೋಬರಿನಲ್ಲಿ ಈ ಬಡಾವಣೆಯ ಇಪ್ಪತ್ತು ಹಳೇ ಮನೆಗಳಲ್ಲಿ ಇಪ್ಪತ್ತು ಪಾಲಿಥೀನ್ ಹಾಳೆ ಅಂಟಿಸಿ ಬನ್ನಿ. ಪ್ರತಿ ಮನೆಯಲ್ಲೂ ಕಾಫಿ ಸಿಗುತ್ತೆ, ಮೈಸೂರು ಇದು.

ಅಡ್ವಾನ್ಸಿನ ವಿಷಯ: 18 ಸಾವಿರ ಹೋಗಿ 2 ಸಾವಿರಕ್ಕೆ ನಿಂತಿದೆ. ಆ ಎರಡು ಸಾವಿರ ಗೋಡೆಗೆ ಹೊಡೆದ ಮೊಳೆಗಳಿಗೆ, ಅದು ನಾವೇ ಹೊಡೆದದ್ದು.

ಹಲಗೆಗಳನ್ನೆಲ್ಲಾ ಕಿತ್ತು ಹೊರಗೆ ಹಾಕಿದರು. ಕೆಳಗಿನ ಕೆಂಪು ನೆಲದ ತುಂಬಾ ಅಂಟಿನ ಕಲೆ, ಉಪ್ಪಿನ ಪುಡಿ. ದೀಪಾವಳಿಯ ನೀರು ತುಂಬೋ ಹಬ್ಬದ ಬೆಳಿಗ್ಗೆ ಓನರ್ ಆಂಟಿ ಸೆರಗು ಸಿಗಿಸಿಕೊಂಡು ಬಂದು, "ಏಳ್ರೋ ಹುಡುಗ್ರಾ, ಮಂಚ ಎತ್ತಿ" ಅಂದರು. ಎತ್ತಿದೆವು. ಎರಡು ಬಕೆಟ್ಟು ನೀರು ಹೊಯ್ದು ಕಡ್ಡಿ ಪೊರಕೆಯಲ್ಲಿ ಗುಡಿಸುತ್ತಾ ಹೋದರು. ನೀರು ಬಾಗಿಲ ಕಡೆ ಬರುತ್ತೆ ಅಂತ ನಾವು ಚಪ್ಪಲಿ ಎತ್ತಿಕೊಂಡು ನಿಂತಿದ್ದರೆ ಅದು ಆ ಕಡೆ ಬರಲೇ ಇಲ್ಲ. ತಾನೇ ದಾರಿ ಗೊತ್ತಿರೋ ಹಾಗೆ ಕಿಟಕಿ ಕೆಳಗಿನ ಮೂಲೆಗೆ ಹರಿದು, ಇಷ್ಟು ದಿನ ಹಲಗೆಯ ಪಟ್ಟಿಯ ಹಿಂದೆ ಮುಚ್ಚಿಹೋಗಿದ್ದ ಒಂದು ತೂತಿನಿಂದ ಹೊರಗಿನ ತೆಂಗಿನಮರದ ಬುಡಕ್ಕೆ ಹೋಯಿತು.